ಓದುಗರ ಪ್ರಶ್ನೆ: ಸಂತ ತೋಮಸರ ಸಮಾಧಿ ಮೈಲಾಪುರದಲ್ಲೋ, ಇಟಲಿಯಲ್ಲೋ?

ಪ್ರಶ್ನೆ: ಚೆನ್ನೈಗೆ ಹೋಗಿದ್ದಾಗ ಮೈಲಾಪುರದ ಸಾಂತೋಮ್ ಬೆಸಿಲಿಕಾದಲ್ಲಿ ಸಂತ ತೋಮಸರ ಸಮಾಧಿಯನ್ನು ಕಂಡೆ. ಅವರ ಅಸ್ಥಿಗಳು ಇಟಲಿಯಲ್ಲಿವೆ ಎಂದು ಈಚೆಗೆ ಎಲ್ಲೋ ಓದಿದೆ. ಯಾವುದು ಸರಿ? ಅಷ್ಟಕ್ಕೂ ಅವರು ಭಾರತಕ್ಕೆ ಬಂದದ್ದು ನಿಜವೇ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಸಮಾಧಿ ಇಲ್ಲಿಯದು, ಅಸ್ಥಿಗಳು ಅಲ್ಲಿಯವು ಎಂಬುದೇ ಪರಂಪರೆಯ ಮಾತಾದ್ದರಿಂದ ನೀವು ಕಂಡದ್ದಕ್ಕೂ ಓದಿದ್ದಕ್ಕೂ ವಿರೋಧವಿಲ್ಲ. ಯೇಸುವಿನ ಹನ್ನೆರಡು ಪ್ರೇಷಿತರಲ್ಲಿ ಒಬ್ಬರಾದ ತೋಮಸರು ಕ್ರಿ.ಶ. 52ರಲ್ಲಿ ಕೇರಳದ ಕೊಡುಂಗಲ್ಲೂರಿನ ಬಳಿ ಹಡಗಿನಿಂದಿಳಿದು, 72ರಲ್ಲಿ ಮೈಲಾಪುರದ ಆಸುಪಾಸಿನಲ್ಲಿ ಈಟಿಯ ಇರಿತಕ್ಕೆ ಬಲಿಯಾದರೆಂದು ನಂಬಿಕೆ. ಅಸ್ಥಿಗಳು ಅಲ್ಲಿಂದ ಎದೆಸ್ಸಾ ಪಟ್ಟಣ ಸೇರಿದವು. ಅದು ಇಂದಿನ ತುರ್ಕಿಯ ಉರ್ಫಾ. ವರ್ತಕನೊಬ್ಬ ಅವುಗಳನ್ನು ಭಾರತದಿಂದ ಹೊತ್ತು ತಂದನೆಂದು 373ರಲ್ಲಿ ತೀರಿಕೊಂಡ ಸಂತ ಎಫ್ರೇಮ್ ತಮ್ಮ ಸ್ತುತಿಗೀತೆಯೊಂದರಲ್ಲಿ ಹಾಡಿದ್ದಾರೆ. ಮುಂದೆ ಗ್ರೀಸಿನ ಖಿಯೋಸ್ ದ್ವೀಪದ ಮೂಲಕ 1258ರಲ್ಲಿ ಇಟಲಿಯ ಒರ್ತೋನಾಕ್ಕೆ ಬಂದವೆಂದು ಹೇಳುತ್ತಾರೆ.

ಸ್ವಾರಸ್ಯವೆಂದರೆ, ಸಮಾಧಿ ಬರಿದಾದ ಸಂಗತಿಯನ್ನು 3ನೇ ಶತಮಾನದ ಸಿರಿಯಾಕ್ (ಎದೆಸ್ಸಾ ಕಡೆಯ ಹಳೆಯ ಕ್ರೈಸ್ತರ ಭಾಷೆ) ಕೃತಿ ‘ತೋಮಸರ ಕಾರ್ಯಗಳು’ ತಾನೇ ಒಪ್ಪಿಕೊಳ್ಳುತ್ತದೆ. ಸಂತರನ್ನು ಕೊಲ್ಲಿಸಿದ ರಾಜನೇ ಕಾಯಿಲೆಬಿದ್ದ ಮಗನಿಗಾಗಿ ಸಮಾಧಿಯನ್ನು ತೆಗೆಸುತ್ತಾನೆ. ಶಿಷ್ಯನೊಬ್ಬ ಮೊದಲೇ ಗುಟ್ಟಾಗಿ ಸಾಗಿಸಿದ್ದರಿಂದ ಒಂದು ಮೂಳೆಯೂ ಸಿಗುವುದಿಲ್ಲ. ಕೊನೆಗೆ ಅಲ್ಲಿಯ ಮಣ್ಣನ್ನೇ ಮಗನಿಗೆ ಮುಟ್ಟಿಸಿ ಗುಣ ಕಾಣುತ್ತಾನೆ. ಸಾವಿರ ವರ್ಷಗಳ ತರುವಾಯ, 13ನೇ ಶತಮಾನದ ಕೊನೆಯಲ್ಲಿ, ಭಕ್ತರು ಆ ಜಾಗದ ಕೆಂಪುಮಣ್ಣನ್ನು ಒಯ್ದು ಜ್ವರದವರಿಗೆ ನೀರಿನಲ್ಲಿ ಕದಡಿ ಕುಡಿಸುವುದನ್ನು ಮಾರ್ಕೊ ಪೋಲೊ ವರ್ಣಿಸುತ್ತಾನೆ. ಮೂಳೆ ಹೋದರೂ ಮಣ್ಣಿನ ಮಹಿಮೆ ಹೋಗಿರಲಿಲ್ಲ.

ಇನ್ನು ಅವರು ಬಂದದ್ದು ನಿಜವೇ ಎಂಬ ಪ್ರಶ್ನೆ. ಅವರ ಕಾಲದ್ದೇ ಆದ ಶಾಸನವಾಗಲಿ ಬರಹವಾಗಲಿ ಸಿಕ್ಕಿಲ್ಲವಾದ್ದರಿಂದ ಇತಿಹಾಸಕಾರರು ಖಚಿತವಾಗಿ ಹೌದೆನ್ನುವುದಿಲ್ಲ. ಹಾಗೆಂದು ಎಲ್ಲವನ್ನೂ ಕಟ್ಟುಕಥೆಯೆಂದು ತಳ್ಳಿಹಾಕುವುದೂ ಆತುರದ ಮಾತೇ. ಮೇಲೆ ಹೇಳಿದ ಕೃತಿಯಲ್ಲಿ, ಅರಮನೆ ಕಟ್ಟಲೆಂದು ಗುಂಡಫರನೆಂಬ ರಾಜ ಕೊಟ್ಟ ಹಣವನ್ನು ತೋಮಸರು ಬಡವರಿಗೆ ಹಂಚಿಬಿಡುವ ಪ್ರಸಂಗವಿದೆ. ಈ ರಾಜ ಕವಿಕಲ್ಪನೆಯೆಂದು ಭಾವಿಸುವುದು ಸುಲಭವಿತ್ತು. ಆದರೆ 19ನೇ ಶತಮಾನದಲ್ಲಿ ವಾಯವ್ಯ ಭಾರತದಲ್ಲಿ ಅವನ ಹೆಸರಿನ ನಾಣ್ಯಗಳೂ ತಖ್ತ್-ಇ-ಬಾಹಿಯ ಶಾಸನವೂ ದೊರೆತು, ಅವನು 1ನೇ ಶತಮಾನದಲ್ಲಿ ಆಳಿದವನೆಂದು ತಿಳಿಯಿತು. ಇದರಿಂದ ತೋಮಸರ ಪ್ರಯಾಣ ರುಜುವಾತಾಗದು, ಕಥೆ ಕಟ್ಟಿದವರಿಗೆ ಭಾರತದ ನಿಜವಾದ ಸುದ್ದಿ ತಲುಪಿತ್ತೆಂಬುದಷ್ಟೇ ಖಾತ್ರಿಯಾಗುತ್ತದೆ. ಆ ರಾಜ್ಯವಿದ್ದದ್ದು ತಕ್ಷಶಿಲೆಯ ಕಡೆ, ಕೇರಳದಲ್ಲಲ್ಲ ಎಂಬುದನ್ನೂ ಮರೆಯುವಂತಿಲ್ಲ. ಚೆನ್ನೈನ ಪರಂಗಿಮಲೈಯಲ್ಲಿ 1547ರಲ್ಲಿ ದೊರೆತ, ಹಳೆಯ ಪರ್ಷಿಯಾದ ಪಹ್ಲವಿ ಭಾಷೆಯ ಬರಹವುಳ್ಳ ಕಲ್ಲಿನ ಶಿಲುಬೆ ಎಷ್ಟೋ ಶತಮಾನ ಈಚಿನದು. ಪೋರ್ಚುಗೀಸರಿಗಿಂತ ಮುಂಚೆಯೇ ಪರ್ಷಿಯಾದ ನಂಟುಳ್ಳ ಕ್ರೈಸ್ತರು ಇಲ್ಲಿದ್ದರೆಂಬುದಕ್ಕೆ ಮಾತ್ರ ಅದು ಸಾಕ್ಷಿ.

ಕೇರಳದ ನಸ್ರಾಣಿಗಳಿಗೆ, ಅಂದರೆ ಸಂತ ತೋಮಸರ ಕ್ರೈಸ್ತರಿಗೆ, ಈ ಪುರಾವೆಗಳ ಲೆಕ್ಕಾಚಾರ ಅಷ್ಟೇನೂ ಮುಖ್ಯವಲ್ಲ. ಅವರು ತಮ್ಮ ಸಭೆಯ ಮೂಲವನ್ನೇ ತೋಮಸರಿಂದ ಎಣಿಸುತ್ತಾರೆ. ಕಳೆದ ಶತಮಾನದಲ್ಲಿ ಅಲ್ಲಿಂದ ದಕ್ಷಿಣ ಕನ್ನಡಕ್ಕೆ ಬಂದು ನೆಲೆಸಿದ ಕೃಷಿಕ ಕುಟುಂಬಗಳು ಆ ನೆನಪನ್ನೂ ಜೊತೆಗೆ ತಂದವು. ಅವರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ (ಬಿಷಪರೊಬ್ಬರ ಆಡಳಿತದ ವಲಯ) ರಚನೆಯಾಯಿತು. ಪ್ರತಿವರ್ಷ ಜುಲೈ 3ರಂದು ಅಲ್ಲಿಯ ಚರ್ಚುಗಳಲ್ಲಿಯೂ ಸಂತ ತೋಮಸರ ಹಬ್ಬ ನಡೆಯುತ್ತದೆ.