ಪ್ರತಿಕ್ರಿಯೆ: ಕೋಳಿಯ ಎದೆಮಾಂಸದ ಬಿಳಿ ಗೆರೆಗಳ ಬಗ್ಗೆ

ಪಿಂಪ್ರಿಯಲ್ಲಿ ಕೊಂಡ ಬ್ರಾಯ್ಲರ್ ಕೋಳಿಯ ಎದೆಮಾಂಸದಲ್ಲಿ ಬಿಳಿ ಗೆರೆಗಳಿದ್ದವು, ಅದು ಇಂಜೆಕ್ಷನ್ನಿನ ಪರಿಣಾಮವೇ ಎಂದು ತಾವು ಕೇಳಿದ್ದೀರಿ. ಪುಣೆಯ ಮಾರುಕಟ್ಟೆಗಳಲ್ಲಿ ನಾನೂ ಈ ಮಾತನ್ನು ಬಹಳ ಸಲ ಕೇಳಿದ್ದೇನೆ. ಆದರೆ ಆ ಗೆರೆಗಳಿಗೆ ಮುಖ್ಯ ಕಾರಣ ಸೂಜಿಯಲ್ಲ, ತಳಿಯ ಆಯ್ಕೆ ಮತ್ತು ಅದರಿಂದ ಬಂದ ಬೆಳವಣಿಗೆಯ ವೇಗ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರ ಕೊಟ್ಟು ಸಾಕಿದಾಗ, 56 ದಿನಗಳಲ್ಲಿ ಹಳೆಯದು ಸುಮಾರು 900 ಗ್ರಾಂ, ಹೊಸದು ಸುಮಾರು 4,200 ಗ್ರಾಂ ತೂಗಿತು. ದಪ್ಪ ಎದೆಯ ಕೋಳಿಗಳನ್ನೇ ತಲೆಮಾರುಗಳ ಕಾಲ ಆರಿಸುತ್ತ ಬಂದುದರಿಂದ ಸ್ನಾಯುವಿನ ಎಳೆಗಳು ದಪ್ಪವಾದವು, ಆದರೆ ಅವುಗಳ ನಡುವಿನ ಸೂಕ್ಷ್ಮ ರಕ್ತನಾಳಗಳು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಆಮ್ಲಜನಕ ಸಾಲದೆ, ತ್ಯಾಜ್ಯವೂ ಸರಿಯಾಗಿ ಹೊರಹೋಗದೆ ಎಳೆಗಳು ನಶಿಸುತ್ತವೆ, ಆ ಜಾಗದಲ್ಲಿ ಕೊಬ್ಬು ಮತ್ತು ನಾರಿನ ಅಂಗಾಂಶ ತುಂಬಿಕೊಳ್ಳುತ್ತದೆ. ತಾವು ಕಂಡ ಗೆರೆಗಳು ಅವೇ. ನಾರು ವಿಪರೀತವಾದರೆ ಮಾಂಸ ಮುಟ್ಟಿದರೆ ಮರದಂತೆ ಗಟ್ಟಿಯಾಗಿರುತ್ತದೆ. ಇದು ಹೆಚ್ಚು ತೂಕದ ಕೋಳಿಗಳಲ್ಲಿ ಅಧಿಕ, ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ಎರಡು ಕಿಲೋ ಆಸುಪಾಸಿನ ಕೋಳಿಗಳಲ್ಲಿ ಕಡಿಮೆ.

ತಿಂದರೆ ಅಪಾಯವಿಲ್ಲ. ಕೊಬ್ಬು ತುಸು ಹೆಚ್ಚು, ಪ್ರೋಟೀನ್ ತುಸು ಕಡಿಮೆ, ಮಸಾಲೆಯೂ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಇಲ್ಲಿಯವರು ಗಾವರಾನ್ ಎನ್ನುವ, ನಮ್ಮೂರ ಕಡೆ ಜವಾರಿ ಎನ್ನುವ ಕೋಳಿ ನಿಧಾನವಾಗಿ ಬೆಳೆಯುವುದರಿಂದ ಅದರಲ್ಲಿ ಈ ದೋಷ ಕಾಣುವುದು ಅಪರೂಪ. ಬೆಲೆ ಮಾತ್ರ ತಮಗೆ ಗೊತ್ತೇ ಇದೆ.