ಒಂದೇ ಜೇಡಿಮಣ್ಣಿಗೆ ಎರಡು ಸಿಬಿಆರ್ ಬಂದರೆ ಯಾವುದನ್ನು ನಂಬಬೇಕು?

ಒಂದೇ ಜೇಡಿಮಣ್ಣಿಗೆ ನೆನೆಸದೆ ಮಾಡಿದಾಗ ಸಿಬಿಆರ್ (ರಸ್ತೆಯ ಕೆಳಗಿನ ಮಣ್ಣು ಎಷ್ಟು ಭಾರ ತಡೆಯುತ್ತದೆ ಅಂತ ತೋರಿಸುವ ಶೇಕಡಾ ಅಂಕಿ) 9, ನೆನೆಸಿದ ಮೇಲೆ 2 ಬಂದಿದೆ, ಲ್ಯಾಬ್‌ನವರು ಎಡವಿದ್ದಾರಾ ಅಂತ ಕೇಳಿದ್ದೀರಿ. ಇರಲಿಕ್ಕಿಲ್ಲ. ಜೇಡಿಯಲ್ಲಿ ಇದು ಮಾಮೂಲಿ. ರಸ್ತೆಯ ಕೆಳಗೆ ನೀರು ಸೇರುವ ಜಾಗವಾದರೆ 2 ಹಿಡಿದೇ ರಸ್ತೆ ಪದರಗಳ ದಪ್ಪ ಲೆಕ್ಕ ಹಾಕಿ.

ದಮ್ಮಸ್ಸು ಮಾಡಿದ ಜೇಡಿಯಲ್ಲಿ ಕಣಗಳ ಸಂದಿನಲ್ಲಿರುವ ಚೂರು ನೀರೇ ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. 4 ದಿನ ನೀರಲ್ಲಿ ಮುಳುಗಿಸಿದರೆ ಆ ಎಳೆತ ಸಡಿಲವಾಗುತ್ತದೆ, ಮಣ್ಣು ಉಬ್ಬುತ್ತದೆ. ಸುತ್ತಲೂ ಕಬ್ಬಿಣದ ಅಚ್ಚು, ಹಾಗಾಗಿ ಉಬ್ಬುವುದೆಲ್ಲ ಮೇಲಕ್ಕೇ. ಮೇಲ್ಪದರವೇ ಜಾಸ್ತಿ ಮೆತ್ತಗಾಗುತ್ತದೆ. ಪರೀಕ್ಷೆಯಲ್ಲಿ ಮಣ್ಣಿಗೆ ಒತ್ತುವ 50 ಮಿ.ಮೀ. ಅಗಲದ ಉಕ್ಕಿನ ದಂಡ, ಅಂದರೆ ಪ್ಲಂಜರ್, ಇಳಿಯುವುದೂ ಅಲ್ಲಿಗೇ ಅಲ್ವಾ!

ಲೆಕ್ಕ ಸುಲಭ. ಪ್ಲಂಜರ್ 2.5 ಮಿ.ಮೀ. ಇಳಿಯಲು ಬೇಕಾದ ಭಾರವನ್ನು 1370 ಕೆ.ಜಿ.ಯಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಅಂದರೆ ನಿಮ್ಮ 2ರ ಹಿಂದೆ ಇರುವುದು ಸುಮಾರು 27 ಕೆ.ಜಿ. ಮಾತ್ರ. ನನಗೆ ಅನುಮಾನ ಬರುವುದು ಇಲ್ಲೇ. 5 ಟನ್ನಿನ ಪ್ರೂವಿಂಗ್ ರಿಂಗ್ (ಭಾರ ಅಳೆಯುವ, ಡಯಲ್ ಇರುವ ಉಕ್ಕಿನ ಬಳೆ) ಹಾಕಿ 27 ಕೆ.ಜಿ. ಅಳೆದರೆ ಡಯಲ್ ಮುಳ್ಳು ಕೆಲವೇ ಗೆರೆ ಸರಿಯುತ್ತದೆ. ಓದುವಾಗ ಒಂದು ಗೆರೆ ಆಚೀಚೆ ಆದರೂ ಉತ್ತರ ಬದಲು. ಮೆತ್ತನೆ ಮಣ್ಣಿಗೆ ಚಿಕ್ಕ ರಿಂಗ್ ಬೇಕು. ಯಾವ ರಿಂಗ್ ಹಾಕಿದ್ದರು ಅಂತ ಮೊದಲು ಕೇಳಿ.

ಎರಡನೆಯದು, ನೀರು ಬೆರೆಸಿದ್ದು ಹೇಗೆ ಅಂತ. ಹೊಸದರಲ್ಲಿ ನಾನು ನೀರು ಹಾಕಿ, ಕಲಸಿ, ತಕ್ಷಣ ರ‍್ಯಾಮರ್‌ನಿಂದ ಕುಟ್ಟುತ್ತಿದ್ದೆ. ಮೂರು ಅಚ್ಚಿಗೆ ಮೂರು ಉತ್ತರ! ಒಂದನ್ನು ಒಡೆದು ನೋಡಿದರೆ ಹೆಂಟೆಗಳ ಹೊರಗೆ ಜಿಗುಟು, ಒಳಗೆ ಒಣ ಪುಡಿ. ಜೇಡಿ ನೀರು ಕುಡಿಯುವುದು ನಿಧಾನ. ಕಲಸಿದ ಮಣ್ಣನ್ನು ಬಾಯಿ ಕಟ್ಟಿದ ಚೀಲದಲ್ಲಿ ಒಂದು ರಾತ್ರಿಯಾದರೂ ಇಡಬೇಕು.

ಇನ್ನು ನೆನೆಸುವಾಗ ಮೇಲಿಟ್ಟ ತೂಕ. ಸಾಮಾನ್ಯವಾಗಿ 5 ಕೆ.ಜಿ. ಇಡುತ್ತಾರೆ, ಮೇಲೆ ಬರುವ ರಸ್ತೆ ಪದರಗಳ ಭಾರದ ಬದಲಿಗೆ. ಅದನ್ನು ಮರೆತಿದ್ದರೆ ಮಣ್ಣು ಸುಮ್ನೆ ಜಾಸ್ತಿ ಉಬ್ಬಿರುತ್ತದೆ.

ಆ 4 ದಿನದ ಉಬ್ಬಿನ ರೀಡಿಂಗನ್ನೂ ಇಸಿದುಕೊಳ್ಳಿ. ಸಿಬಿಆರ್‌ಗಿಂತ ನಾನು ಅದನ್ನೇ ಮೊದಲು ನೋಡುವುದು. ಉಬ್ಬು ಕಡಿಮೆ ಇದ್ದರೆ ಪದರ ದಪ್ಪ ಮಾಡಿ ಸುಧಾರಿಸಬಹುದು. ಜಾಸ್ತಿ ಇದ್ದರೆ ದಪ್ಪ ಮಾಡಿದರೂ ರಸ್ತೆ ಏರುಪೇರಾಗುತ್ತದೆ. ಆಗ ಅದೇ ಮಣ್ಣಿಗೆ ಸುಣ್ಣ ಬೆರೆಸಿ, ಕೆಲವು ದಿನ ಒಣಗದಂತೆ ಮುಚ್ಚಿಟ್ಟು, ಮತ್ತೆ ನೆನೆಸಿ ಪರೀಕ್ಷೆ ಮಾಡಿಸಿ.