ಬುಟ್ಟಿ ಅಜ್ಜಿಯ ಬಗ್ಗೆ ಬಂದ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರ ಅಜ್ಜಿಯೊಬ್ಬರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಮೆರಿಕದ ಒಕ್ಲಹೋಮಾದಲ್ಲಿ ಟಾಲೆಕ್ವಾ ಎಂಬ ಊರಿದೆ, ಚೆರೋಕೀಯರ ಸ್ವಂತ ಆಡಳಿತಗಳಲ್ಲಿ ಒಂದಾದ ಚೆರೋಕೀ ನೇಷನ್ನಿನ ರಾಜಧಾನಿ. 1839ರಲ್ಲಿ ಅವರು ಹೊಸ ಸಂವಿಧಾನ ಬರೆದುಕೊಂಡ ನೆನಪಿಗೆ ಪ್ರತಿ ಸೆಪ್ಟೆಂಬರಿನ ಆರಂಭದಲ್ಲಿ ಅಲ್ಲಿ ಹಬ್ಬ. ಮಗಳ ಮನೆಗೆ ಹೋಗಿದ್ದಾಗ ಆ ಹಬ್ಬಕ್ಕೆ ಹೋಗಿದ್ದೆ. ಮಡಚುವ ಕುರ್ಚಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ ಆ ಅಜ್ಜಿಯ ಪಕ್ಕದಲ್ಲಿ ಎರಡು ದಿನ ಕೂತು ಅವರ ತಲೆ ತಿಂದೆ. ಈಗ ನೀವು ನನ್ನ ತಲೆ ತಿನ್ನುತ್ತಿದ್ದೀರಿ, ನ್ಯಾಯವೇ. ನಿಮ್ಮ ಒಂದೊಂದು ಮಾತನ್ನೂ ಕೊಟ್ಟು ಅದರ ಕೆಳಗೆ ನನ್ನ ಉತ್ತರ ಬರೆದಿದ್ದೇನೆ.

ಮಕ್ಕಳು, ಮೊಮ್ಮಕ್ಕಳು, ಹಿರಿಯರ ಕಸುಬು ಎಂದು ಬದುಕೆಲ್ಲ ಸವೆಸಿದ ಆ ತ್ಯಾಗಮಯಿಗೆ ನನ್ನ ನಮಸ್ಕಾರ. ಎಲ್ಲಿ ಹುಟ್ಟಿದರೂ ಹೆಣ್ಣಿನ ಹಣೆಬರಹ ಇಷ್ಟೇ ಅಲ್ಲವೇ?

ನಮಸ್ಕಾರ ಇರಲಿ, ‘ತ್ಯಾಗಮಯಿ’ ಬೇಡ. ಆ ಮಾತು ಕೇಳಿದ್ದರೆ ಅಜ್ಜಿ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ಮೊದಲ ದಿನ ನಿಮ್ಮಂತೆಯೇ, “ಮನೆಯವರಿಗಾಗಿ ಏನೆಲ್ಲ ಬಿಟ್ಟಿರಿ?” ಎಂದು ಕೇಳಿದ್ದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಬಿಡುವುದು ಯಾಕೆ? ಮನೆ ನನ್ನದೇ ಅಲ್ಲವಾ?” ಅಂದರು.

ಆ ಮಾತಿಗೆ ಹಿನ್ನೆಲೆ ಇದೆ. ಚೆರೋಕೀಯರಲ್ಲಿ ತೋಳ, ಜಿಂಕೆ, ಹಕ್ಕಿ ಎಂದೆಲ್ಲ ಏಳು ಕುಲಗಳು. ಮಗುವಿಗೆ ಬರುವುದು ತಾಯಿಯ ಕುಲ. ಒಂದೇ ಕುಲದೊಳಗೆ ಮದುವೆ ಇಲ್ಲ. ಹಿಂದೆಲ್ಲ ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗಿ ಇರುತ್ತಿದ್ದ. ಮನೆ ಅವಳದು, ಜೋಳದ ಹೊಲವೂ ಅವಳದು. ಹೊಂದಿಕೆ ಆಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಹೊರಡುವವನು ಅವನೇ. ಮಕ್ಕಳನ್ನು ತಿದ್ದಿ ತೀಡುವ ಹೊಣೆ ಅಪ್ಪನಿಗಿಂತ ಹೆಚ್ಚಾಗಿ ಸೋದರಮಾವನದು. ಅಳಿಯಸಂತಾನ ಕಂಡ ಕರಾವಳಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಎಲ್ಲವೂ ಹಾಗೆಯೇ ಉಳಿಯಿತು ಅಂತಲ್ಲ. ಬಿಳಿಯರ ಸರ್ಕಾರದ ಮಾದರಿಯಲ್ಲಿ 1827ರಲ್ಲಿ ಬರೆದ ಸಂವಿಧಾನದಲ್ಲಿ ಹೆಂಗಸರಿಗೆ ಮತದ ಹಕ್ಕೇ ಇರಲಿಲ್ಲ. ಹಕ್ಕು ಕಾಗದದಿಂದ ಹೋಯಿತು, ಅಡುಗೆಮನೆಯಿಂದ ಹೋಗಲಿಲ್ಲ. ಅಜ್ಜಿಯ ಮನೆಯಲ್ಲಿ ಇಬ್ಬರು ಅಳಿಯಂದಿರಿದ್ದಾರೆ. ಇಬ್ಬರೂ ಅವರ ಮುಂದೆ ಟೋಪಿ ತೆಗೆದು ಮಾತಾಡುವುದನ್ನು ನಾನೇ ನೋಡಿದ್ದೇನೆ.

ಹಿಂದಿನ ಕಾಲದಲ್ಲಿ ಅವರಲ್ಲಿ ಹೆಸರಾದ ಹೆಣ್ಣುಮಗಳು ಯಾರಾದರೂ ಇದ್ದಾರೆಯೇ?

ನಾನ್ಯೆಹಿ. ಇಂಗ್ಲಿಷಿನವರ ಬಾಯಲ್ಲಿ ನ್ಯಾನ್ಸಿ ವಾರ್ಡ್. ತೋಳದ ಕುಲದವಳು. 1755ರಲ್ಲಿ ಕ್ರೀಕ್ ಎಂಬ ಇನ್ನೊಂದು ಮೂಲನಿವಾಸಿ ಜನರೊಂದಿಗೆ ನಡೆದ ತಲಿವಾ ಕಾಳಗದಲ್ಲಿ ಗಂಡನ ಪಕ್ಕದಲ್ಲೇ ಇದ್ದಳು. ಅವನು ಸತ್ತು ಬಿದ್ದಾಗ ಅವನ ಬಂದೂಕು ಎತ್ತಿಕೊಂಡು ತಾನೇ ಕಾದಿದಳು. ಆಮೇಲೆ ಅವಳಿಗೆ ‘ಘಿಗಾವು’ ಎಂಬ ಸ್ಥಾನ ಸಿಕ್ಕಿತು. ‘ಎಲ್ಲರ ಅಕ್ಕರೆಯ ಹೆಣ್ಣು’ ಎಂದು ಹೇಳಬಹುದೇನೋ. ಸೆರೆಸಿಕ್ಕವರ ಪ್ರಾಣ ಉಳಿಸುವ ಅಧಿಕಾರ ಆ ಸ್ಥಾನಕ್ಕಿತ್ತು. 1776ರಲ್ಲಿ ಕಂಬಕ್ಕೆ ಕಟ್ಟಿ ಸುಡಲು ನಿಲ್ಲಿಸಿದ್ದ ಬಿಳಿ ಹೆಂಗಸೊಬ್ಬಳನ್ನು ಬಿಡಿಸಿ ಮನೆಗೆ ಕರೆದೊಯ್ದಳು, ಅವಳಿಂದ ಮಗ್ಗದ ನೇಯ್ಗೆಯನ್ನೂ ಬೆಣ್ಣೆ ತೆಗೆಯುವುದನ್ನೂ ಕಲಿತಳು. ನನಗೆ ಯುದ್ಧಕ್ಕಿಂತ ಈ ಬೆಣ್ಣೆಯ ಕಥೆಯೇ ಇಷ್ಟ.

ಮುಪ್ಪಿನಲ್ಲಿ, 1817ರಲ್ಲಿ, ಇತರ ಹೆಂಗಸರೊಂದಿಗೆ ಸೇರಿ ತಮ್ಮ ಗಂಡಸರ ಸಭೆಗೆ ಮನವಿ ಕಳಿಸಿದಳು: ಇನ್ನು ತುಂಡು ನೆಲವನ್ನೂ ಮಾರಬೇಡಿ, ಜೋಳ ಹತ್ತಿ ಬೆಳೆಯಿರಿ. 1822ರಲ್ಲಿ ತೀರಿಕೊಂಡಳು. ಹದಿನಾರು ವರ್ಷಕ್ಕೆ ಅವಳು ಹೆದರಿದ್ದೇ ಆಯಿತು. 1838-39ರಲ್ಲಿ ಸುಮಾರು 16,000 ಚೆರೋಕೀಯರನ್ನು ಜಾರ್ಜಿಯಾ, ಟೆನೆಸೀ ಕಡೆಯ ಬೆಟ್ಟಗಳಿಂದ ಎಬ್ಬಿಸಿ ಈ ಒಕ್ಲಹೋಮಾ ಸೀಮೆಗೆ ಅಟ್ಟಿದರು. ಶಿಬಿರಗಳಲ್ಲಿ, ದಾರಿಯಲ್ಲಿ ಸತ್ತವರು ಸುಮಾರು 4,000. ಅದನ್ನೇ ಕಣ್ಣೀರಿನ ಹಾದಿ ಅನ್ನುತ್ತಾರೆ.

ಆ ಬುಟ್ಟಿಯ ವಿಶೇಷ ಏನು? ನಮ್ಮಲ್ಲಿಯೂ ಬಿದಿರಿನ ಬುಟ್ಟಿ ಹೆಣೆಯುತ್ತಾರಲ್ಲ.

ಹೌದು, ಅವರದ್ದೂ ಮೂಲದಲ್ಲಿ ಬಿದಿರೇ. ಹಳೆಯ ಊರಿನ ಹೊಳೆದಂಡೆಯಲ್ಲಿ ಬೆಳೆಯುವ ಸಣ್ಣ ಬಿದಿರನ್ನು ಸೀಳಿ ಹೆಣೆಯುತ್ತಿದ್ದರು. ಅಂದು ಹೇಗೋ ಬೆಟ್ಟಗಳಲ್ಲಿ ಉಳಿದುಕೊಂಡವರ ವಂಶದವರು ಉತ್ತರ ಕೆರೊಲಿನಾದಲ್ಲಿ ಇಂದಿಗೂ ಅದರಲ್ಲೇ ಹೆಣೆಯುತ್ತಾರೆ. ಒಕ್ಲಹೋಮಾಕ್ಕೆ ಬಂದವರು ಕೈಗೆ ಸಿಕ್ಕಿದ್ದನ್ನು ಹಿಡಿದರು: ಬಕ್‌ಬ್ರಷ್ ಎಂಬ ಕುರುಚಲು ಗಿಡದ, ನೆಲದ ಮೇಲೆ ಹಬ್ಬುವ ಎಳೆಬಳ್ಳಿ. ಅದನ್ನು ಸುರುಳಿ ಸುತ್ತಿ ಗಂಟೆಗಟ್ಟಲೆ ಕುದಿಸಿ, ಬಟ್ಟೆಯಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬೆಳ್ಳಗಿನ ದಾರದಂಥ ಕಡ್ಡಿ ಉಳಿಯುತ್ತದೆ. ಕರಿ ಅಕ್ರೋಟಿನ ಹೊರಸಿಪ್ಪೆಯಲ್ಲಿ ಬೇಯಿಸಿದರೆ ಕಂದು ಬಣ್ಣ. ಅಜ್ಜಿಯ ಉಗುರುಗಳೂ ಅದೇ ಬಣ್ಣ.

ಹೆಣಿಗೆ ತಳದಲ್ಲಿ ಶುರುವಾಗಿ ಒಳಗೋಡೆಯಾಗಿ ಮೇಲೇರುತ್ತದೆ. ಬಾಯಿಯ ಹತ್ತಿರ ಮಡಚಿಕೊಂಡು ಹೊರಗೋಡೆಯಾಗಿ ಮತ್ತೆ ತಳಕ್ಕೆ ಇಳಿಯುತ್ತದೆ. ನೋಡಿದರೆ ಒಂದು ಬುಟ್ಟಿ, ಬೆರಳಾಡಿಸಿದರೆ ಒಂದರೊಳಗೊಂದು ಎರಡು. ಎಲ್ಲಿ ಮುಗಿಯಿತು ಎಂದು ಹುಡುಕಿ ನಾನು ಸೋತೆ. ಒಂದು ಬುಟ್ಟಿಯನ್ನು ತೋರಿಸಿ, ಇದು ಸಂಪ್ರದಾಯದ ರೀತಿಯೋ ಹೊಸದೋ ಎಂದು ಕೇಳಿದ್ದಕ್ಕೆ, “ನನ್ನ ಅಜ್ಜಿ ಹೀಗೇ ಮಾಡುತ್ತಿದ್ದಳು, ಅವಳ ಅಜ್ಜಿ ಬೇರೆ ಕಡ್ಡಿಯಲ್ಲಿ ಮಾಡುತ್ತಿದ್ದಳು” ಅಂದರು, ಅಷ್ಟೇ.

ಅವರು ತಿನ್ನಲು ಕೊಟ್ಟ ‘ಕನೂಚಿ’ ಮಾಡುವ ಬಗೆ ತಿಳಿಸಿ.

ಹಿಕರಿ ಮರದ ಕಾಯಿ ಬೇಕು, ಅಕ್ರೋಟಿನ ದಾಯಾದಿ. ಒಡೆದು, ದೊಡ್ಡ ಚಿಪ್ಪುಗಳನ್ನು ಜರಡಿ ಹಿಡಿದು ತೆಗೆದು, ಉಳಿದದ್ದನ್ನು ಮರದ ಒರಳಲ್ಲಿ ಎಣ್ಣೆ ಬಿಡುವ ತನಕ ಕುಟ್ಟಿ ಉಂಡೆ ಕಟ್ಟುತ್ತಾರೆ. ಬೇಕಾದಾಗ ಉಂಡೆಯನ್ನು ಬಿಸಿನೀರಿನಲ್ಲಿ ಕರಗಿಸಿ ಕುದಿಸಿ ಬಟ್ಟೆಯಲ್ಲಿ ಸೋಸಿದರೆ ಹಾಲಿನಂಥ ಗಂಜಿ. ಸೋಸುವುದನ್ನು ಮರೆತರೆ ಹಲ್ಲಿನ ವೈದ್ಯರಿಗೆ ಲಾಭ. ಬೂದಿನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳವನ್ನೋ ಅನ್ನವನ್ನೋ ಬೆರೆಸಿ, ಸಕ್ಕರೆ ಅಥವಾ ಉಪ್ಪು ಹಾಕಿಕೊಳ್ಳುತ್ತಾರೆ. ಅಜ್ಜಿಯ ಮನೆಯಲ್ಲಿ ಸಕ್ಕರೆಯ ಪಕ್ಷ ಮತ್ತು ಉಪ್ಪಿನ ಪಕ್ಷ ಎಂದು ಎರಡು ಬಣಗಳಿವೆ.

ಮೊಮ್ಮಕ್ಕಳು ಅವರ ಭಾಷೆ ಮಾತಾಡುತ್ತಾರೆಯೇ?

ಒಬ್ಬಳು ಮಾತ್ರ. ಅವಳು ಪಾಠವೆಲ್ಲ ಚೆರೋಕೀಯಲ್ಲೇ ನಡೆಯುವ ಶಾಲೆಗೆ ಹೋಗುತ್ತಾಳೆ. ತಾಯಿನುಡಿಯಾಗಿ ಮಾತಾಡುವವರು 2019ರ ಹೊತ್ತಿಗೆ ಸುಮಾರು 2,000ಕ್ಕೆ ಇಳಿದಿದ್ದರು, ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಆ ವರ್ಷ ಚೆರೋಕೀಯರ ಮೂರೂ ಆಡಳಿತಗಳು ಸೇರಿ ಭಾಷೆಗೆ ತುರ್ತುಪರಿಸ್ಥಿತಿ ಘೋಷಿಸಿದವು.

ಲಿಪಿಯ ಕಥೆ ಚೆನ್ನಾಗಿದೆ. ಇಂಗ್ಲಿಷ್ ಓದಲು ಬಾರದ ಸಿಕ್ವೋಯಾ ಎಂಬವನು ಒಬ್ಬನೇ ಕೂತು ಅದನ್ನು ಕಟ್ಟಿ 1821ರಲ್ಲಿ ಮುಂದಿಟ್ಟ. ಮೊದಲು ಕಲಿತವಳು ಅವನ ಪುಟ್ಟ ಮಗಳು ಅಯೋಕಾ. ಅವಳು ಓದಿ ತೋರಿಸಿದ ಮೇಲೆಯೇ ಊರವರು ನಂಬಿದ್ದು. ನಮ್ಮಂತೆ ಒಂದು ಉಚ್ಚಾರಕ್ಕೆ ಒಂದು ಅಕ್ಷರ, ಆದರೆ ಕಾಗುಣಿತ ಇಲ್ಲ. ‘ಗ’ಕ್ಕೂ ‘ಗಿ’ಗೂ ರೂಪದಲ್ಲಿ ಸಂಬಂಧವೇ ಇಲ್ಲ. ಒಟ್ಟು 85 ಅಕ್ಷರಗಳನ್ನು ಹಾಗೆಯೇ ಬಾಯಿಪಾಠ ಮಾಡಬೇಕು. ಮೊಮ್ಮಗಳು ನನಗೆ ಹತ್ತು ಕಲಿಸಿದಳು, ಎಂಟು ಮರೆತೆ.

ಬುಟ್ಟಿ ಕೊಂಡುಕೊಂಡಿರಾ? ಎಷ್ಟು ಕೊಟ್ಟಿರಿ?

ನಾನು ಆರಿಸಿದ್ದು ಬಾಯಿ ಸೊಟ್ಟಗಿದ್ದ ಒಂದು ಪುಟ್ಟ ಬುಟ್ಟಿ. “ಅದು ಮೊಮ್ಮಗಳ ಮೊದಲನೆಯದು, ಮಾರುವುದಿಲ್ಲ” ಎಂದು ಕಿತ್ತುಕೊಂಡು ಕುರ್ಚಿಯ ಕೆಳಗಿಟ್ಟರು. ಅವರದೇ ಒಂದಕ್ಕೆ 90 ಡಾಲರ್. ಜೊತೆಗೆ, ಹೆಣೆದವರು ಇಂಥ ಬುಡಕಟ್ಟಿನವರೇ ಎಂಬ ಚೀಟಿ. ಬೇರೆಯವರು ಮಾಡಿದ್ದನ್ನು ಅಮೆರಿಕದ ಮೂಲನಿವಾಸಿಗಳ ಕೈಕೆಲಸ ಎಂದು ಮಾರುವುದು ಅಲ್ಲಿ 1990ರ ಕಾನೂನಿನಂತೆ ಅಪರಾಧ. ಚೌಕಾಸಿಗೆ ನನ್ನ ನಾಲಿಗೆ ತುರಿಸಿತು. ಬಾಯಿ ತೆರೆಯುವಷ್ಟರಲ್ಲಿ ಮಗಳು ಕಾಲು ತುಳಿದಳು.